ಮಗನ ಪಾಲಿನ ಪ್ರಸಾದ

ಹುಡುಗರ ಆರೋಗ್ಯದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ನಾನು ಯಲಬುರ್ಗಾ ತಾಲ್ಲೂಕಿನ ಹೈಸ್ಕೂಲೊಂದರ ವ್ಯಾಯಾಮ ಶಿಕ್ಷಕ. ನಾನು ಸೀಟಿ ಊದಿದರೆ ದಾರಿಯ ಎಮ್ಮೆಗಳೂ ಸಾಲಾಗಿ ನಿಲ್ಲುತ್ತವೆ!

ಇಂಥವನ ಮಗ ಬಸು ಗಂಗಾವತಿಯಲ್ಲಿ ಡಿಗ್ರಿ ಓದುತ್ತಾನೆ. ರಜೆಗೆ ಬಂದವನು ತಾಯಿಯ ಮುಂದೆ ಬಾಯಿಬಿಟ್ಟ. ಗೆಳೆಯರ ಜೊತೆ ಗಾಂಜಾ ಶುರುವಾಗಿದೆ, ಬಿಡಲು ಆಗುತ್ತಿಲ್ಲ. ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ಅದಿಲ್ಲದೆ ನಿದ್ದೆ ಹತ್ತುತ್ತಿಲ್ಲ. ಖೋಖೋದಲ್ಲಿ ಯಾರ ಕೈಗೂ ಸಿಗದ ಹುಡುಗ ಮಾಳಿಗೆ ಹತ್ತಿದರೂ ತೇಕುತ್ತಿದ್ದ. ಅದಕ್ಕೆಲ್ಲ ಮೊಬೈಲೇ ಕಾರಣವೆಂದು ನಾನು ಆಗಲೇ ತೀರ್ಪು ಕೊಟ್ಟಾಗಿತ್ತು.

"ಕೊಪ್ಪಳದ ದವಾಖಾನಿಗೆ ಕರ್ಕೊಂಡ್ ಹೋಗ್ರಿ," ಎಂದಳು ಹೆಂಡತಿ ಶಾಂತಾ.

"ಅಲ್ಲಿ ಯಾರರ ನೋಡಿದ್ರ? ಮಾಸ್ತರನ ಮಗಾ ಗಾಂಜಾ ಸೇದ್ತಾನಂತ ಊರಾಗ ಡಂಗುರ ಹೊಡಿತಾರ. ನನ್ನ ಮರ್ಯಾದಿ ಏನಾಗಬೇಕು?"

"ಮರ್ಯಾದಿಗೆ ಆಮ್ಯಾಲ ಔಷಧ ಮಾಡೂಣ್ರಿ. ಮೊದಲ ಹುಡುಗಗ ಮಾಡ್ರಿ."

ನಾನು ಕೇಳುವ ಪೈಕಿಯೇ? ಕುಷ್ಟಗಿ ಕಡೆಯ ಗುಡ್ಡದಲ್ಲಿ ಅಜ್ಜಾರು ಅಂತ ಒಬ್ಬ ಸಾಧುಗಳಿದ್ದಾರೆ, ಅವರ ಮುಂದೆ ಆಣೆ ಮಾಡಿ ದಾರ ಕಟ್ಟಿಸಿಕೊಂಡರೆ ಎಂಥ ಚಟವೂ ಬಿಡುತ್ತದೆ ಎಂದು ಯಾರೋ ಹೇಳಿದ್ದರು. ಅಮಾವಾಸ್ಯೆ ನೋಡಿ, ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು, ತೆಂಗಿನಕಾಯಿ ಸಮೇತ ಹೊರಟೆ. ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ!

ಗುಡ್ಡ ಹತ್ತಿ ನೋಡಿದರೆ ಭಕ್ತರು ದುಂಡಗೆ ಕುಳಿತಿದ್ದರು. ಚಿಲುಮೆ ಕೈಯಿಂದ ಕೈಗೆ ಹೋಗುತ್ತಿತ್ತು. ನಾವೂ ಕುಳಿತೆವು. ಬಸು ನನ್ನ ಕಿವಿಯಲ್ಲಿ, "ಅಪ್ಪಾ, ಇದು ಅದೇ," ಎಂದ.

"ಸುಮ್ನಿರು. ಇಲ್ಲಿ ಇದು ಪ್ರಸಾದ."

ಚಿಲುಮೆ ನಮ್ಮತ್ತಲೇ ಬಂತು. ಪ್ರಸಾದ ಒಲ್ಲೆ ಎನ್ನಲು ಬಾಯಿ ಬರಲಿಲ್ಲ, ಮಗನ ಕೈಗೆ ದಾಟಿಸಲು ಮನಸ್ಸು ಬರಲಿಲ್ಲ. ಅವನ ಕೈ ಆಗಲೇ ಚಿಲುಮೆಯತ್ತ ಚಾಚಿತ್ತು. ಅದನ್ನು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವನ ಪಾಲೂ ನನಗೇ ಇರಲಿ ಎಂದು ಚಿಲುಮೆ ಕಸಿದುಕೊಂಡು, ಕಣ್ಣಿಗೊತ್ತಿಕೊಂಡು, ಸೀಟಿ ಊದಿ ಪಳಗಿದ ಎದೆಯಿಂದ ಎಳೆದೆ. ಎರಡು ಸಲ!

ಆಮೇಲೆ ಎದೆ ಡವಡವ, ನಾಲಿಗೆ ಒಣಗಿದ ತೊಗಲು. "ಸಾವಧಾನ್! ವಿಶ್ರಾಮ್!" ಎಂದು ಭಕ್ತರಿಗೆಲ್ಲ ಕವಾಯತು ಮಾಡಿಸಿ, ಅಲ್ಲೇ ಬಿದ್ದೆನಂತೆ.

ಅಜ್ಜಾರು ಬಸುವಿಗೆ ಹೇಳಿದರಂತೆ: "ಮಾಸ್ತರನ್ನ ದವಾಖಾನಿಗೆ ಒಯ್ಯಪಾ ತಮ್ಮಾ. ಈ ಚಟಕ್ಕ ದಾರ ಸಾಲಂಗಿಲ್ಲ. ನನ್ನ ಮುಂದ ಕುಂತವರೇ ಬಿಟ್ಟಿಲ್ಲ."

ಅಂತೂ ಕೊಪ್ಪಳದ ದವಾಖಾನೆ. ಮಂಚದ ಮೇಲೆ ನಾನು!

ಡಾಕ್ಟರು ನನ್ನ ನಾಡಿ ಹಿಡಿದು, "ಎಷ್ಟ್ ವರ್ಷದಿಂದ ಐತ್ರಿ ಈ ಚಟ?" ಎಂದರು.

ಬಸು ಮುಂದೆ ಬಂದ. "ಅವರದು ಇವತ್ತ ಮೊದಲ್ರೀ ಸರ್. ಚಟ ನಂದು. ಹೆಂಗೂ ಬಂದೇವಿ, ನನ್ನೂ ನೋಡಿಬಿಡ್ರಿ."

ನನಗೆ ಅಳು ಬಂತು. ಅದನ್ನೂ ಗಾಂಜಾದ ಲೆಕ್ಕಕ್ಕೆ ಹಾಕಿದೆ.

ಈ ವಯಸ್ಸಿನಲ್ಲಿ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ, ಬೈದರೆ ಬಿಡುವುದಿಲ್ಲ, ಬಿಡುವಾಗ ಜೊತೆಗೆ ಜನ ಬೇಕು ಎಂದರು ಡಾಕ್ಟರು. ಬಸು ಈಗ ಅವರ ಬಳಿ ಹೋಗಿ ಬರುತ್ತಾನೆ. ನಡುವೆ ಒಮ್ಮೆ ಜಾರಿದ, ಮರಳಿ ತಾನೇ ಹೋದ. ರಜೆಯಲ್ಲಿ ಸಂಜೆ ನನ್ನ ಜೊತೆ ಓಡುತ್ತಾನೆ. ತೇಕುವವನು ನಾನು.

ಅವನ ಗುಟ್ಟು ಊರಿಗೆ ತಿಳಿಯಲೇ ಇಲ್ಲ. ನನ್ನ ಕವಾಯತಿನ ಸುದ್ದಿ ಮಾತ್ರ ನನಗಿಂತ ಮೊದಲೇ ಊರು ಮುಟ್ಟಿತ್ತು. ಮೊನ್ನೆ ಚಹಾದಂಗಡಿಯಲ್ಲಿ ಹಿರಿಯರೊಬ್ಬರು ನನ್ನ ಭುಜ ಮುಟ್ಟಿ ಮೆತ್ತಗೆ ಹೇಳಿದರು: "ಮಾಸ್ತರ್ರ, ಬಿಟ್ಟಬಿಡ್ರಿ ಅದನ್ನ. ಬೆಳೆದ ಮಗಾ ಅದಾನ ಮನ್ಯಾಗ."

ಪಕ್ಕದಲ್ಲೇ ಬಸು ಚಹಾ ಹಿಡಿದು ತಲೆ ತಗ್ಗಿಸಿ ನಿಂತಿದ್ದ.

"ಹೂಂನ್ರಿ," ಎಂದೆ. "ಬಿಡಾಕತ್ತೀನಿ."