ಐದು ಅಸಲು, ಹತ್ತು ನಕಲು

ಹಾರೂಗೇರಿಯ ನಮ್ಮ ಉಣ್ಣೆ ನೇಕಾರರ ಸಹಕಾರ ಸಂಘವು ಸ್ಥಾಪನೆಯಾದಂದಿನಿಂದ ಕರಿ ಕಂಬಳಿಯೊಂದನ್ನೇ ನೇಯುತ್ತ ಬಂದಿದೆ. ಕರಿ ಕಂಬಳಿ ಕರಿಯಾಗಿರುತ್ತದೆ. ಅದರ ಮೇಲೆ ಹೂವಿಲ್ಲ, ಬಳ್ಳಿಯಿಲ್ಲ, ನವಿಲಿಲ್ಲ. ಇದ್ದರೆ ಯಾರೂ ಹೊದೆಯುವುದಿಲ್ಲ, ದೇವರ ಗದ್ದುಗೆಗೂ ಹಾಸುವುದಿಲ್ಲ. ಹೀಗಿರಲಾಗಿ, ೧೯೮೮ರ ಜನವರಿಯಲ್ಲಿ ಮೇಲಿನ ಕಚೇರಿಯವರು ನಮ್ಮ ಸಂಘಕ್ಕೆ ಒಂದು ಡಿಸೈನರ್ ಹುದ್ದೆ ಮಂಜೂರು ಮಾಡಿದರು. ಮಾರ್ಚ್ ಮೂವತ್ತೊಂದರೊಳಗೆ ತುಂಬದಿದ್ದರೆ ಹುದ್ದೆ ವಾಪಸು ಹೋಗುತ್ತದೆ ಎಂದೂ ತಿಳಿಸಿದರು. ಬಂದದ್ದನ್ನು ವಾಪಸು ಕಳಿಸಿದ ಅಪಕೀರ್ತಿ ನಮ್ಮ ಸಂಘಕ್ಕೆ ಇದುವರೆಗೆ ಇಲ್ಲ.

ನಾನು ಸಂಘದ ಗುಮಾಸ್ತ ಜಿನ್ನಪ್ಪ. ಪ್ರಕಟಣೆ ಬರೆದವನು ನಾನೇ, ಆದ್ದರಿಂದ ಅದರಲ್ಲಿ ತಪ್ಪಿರಲು ಸಾಧ್ಯವಿಲ್ಲ. ಅದರ ಏಳನೆಯ ಕಲಮು ಹೀಗಿತ್ತು: "ಅಭ್ಯರ್ಥಿಯು ಸ್ವತಃ ತಯಾರಿಸಿದ ಐದು ಡಿಸೈನುಗಳ ಅಸಲನ್ನೂ, ಒಂದೊಂದಕ್ಕೆ ಎರಡರಂತೆ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ ನಕಲುಗಳನ್ನೂ ಸಂದರ್ಶನದ ದಿನ ಹಾಜರುಪಡಿಸತಕ್ಕದ್ದು. ಹಾಜರುಪಡಿಸಿದ ಯಾವುದನ್ನೂ ಹಿಂತಿರುಗಿಸಲಾಗುವುದಿಲ್ಲ."

ಎರಡು ಅರ್ಜಿ ಬಂದವು. ಒಂದು ರಾಜಾರಾಮನದು. ಈತ ನಮ್ಮ ಅಧ್ಯಕ್ಷರಾದ ಭಾವುಸಾಹೇಬರ ತಂಗಿಯ ಮಗ. ನಿಪ್ಪಾಣಿಯಲ್ಲಿ ನಾಲ್ಕು ವರ್ಷ ಏನನ್ನೋ ಓದಿ, ಅದನ್ನು ಮುಗಿಸದೆ ಬಂದಿದ್ದ. ಇನ್ನೊಂದು ಐಗಳಿಯ ಕುರಿಗಾರ ಮಲಕಾರಿಯದು.

ಸುತ್ತಿನ ಹಟ್ಟಿಗಳಲ್ಲಿ ಕುರಿಯ ಉಣ್ಣೆ ಕತ್ತರಿಸಿದ ಮೇಲೆ ಬೆನ್ನಿಗೆ ಬಣ್ಣದ ಗುರುತು ಹಾಕುತ್ತಾರೆ, ಒಂದೊಂದು ಮನೆಗೆ ಒಂದೊಂದು. ಈ ಗುರುತು ಬರೆಯುವುದರಲ್ಲಿ ಮಲಕಾರಿಯದು ಎತ್ತಿದ ಕೈ. ಜುಗೂಳದಿಂದಲೂ ಜನ ಅವನ ಹತ್ತಿರ ಬರುತ್ತಿದ್ದರು. ಅವನು ನೌಕರಿಗೆ ಆಸೆಪಟ್ಟದ್ದು ತನಗಾಗಿ ಅಲ್ಲ. ಮಗಳು ಭೀಮಾಬಾಯಿಗೆ ಜೂನ್‌ನಲ್ಲಿ ಆರು ತುಂಬುತ್ತಿತ್ತು. ವರ್ಷದಲ್ಲಿ ಎಂಟು ತಿಂಗಳು ಕುರಿಯ ಹಿಂದೆ ತಿರುಗುವವರ ಮಗಳು ಸಾಲೆಗೆ ಹೋಗುವುದು ಹೇಗೆ? ಒಂದು ಊರು, ಒಂದು ಸೂರು, ತಿಂಗಳಿಗೊಂದು ಪಗಾರ, ಮಗಳಿಗೆ ಬರೆಯಲೊಂದು ಪಾಟಿ. ಅವನಿಗೆ ಬೇಕಾದದ್ದು ಇಷ್ಟೇ.

ಸಂದರ್ಶನದ ಪತ್ರ ಹಿಡಿದುಕೊಂಡು ಅವನು ಕಚೇರಿಗೆ ಬಂದ.

"ಜಿನ್ನಪ್ಪಣ್ಣಾರ, ನನ್ನ ಡಿಸೈನು ಕಾಗದದ ಮ್ಯಾಲ ಇಲ್ರಿ. ಕುರಿ ಬೆನ್ನ ಮ್ಯಾಲ ಅದಾವ್ರಿ."

"ಅಸಲು ಎಲ್ಲಿ ಐತೋ ಅದನ್ನ ತರಬೇಕಪಾ. ಕಲಮು ಏಳು ನೋಡು."

"ಕುರೀನ ತರಬೇಕೇನ್ರಿ?"

"ಕುರಿ ತಾ ಅಂತ ನಾ ಎಲ್ಲಿ ಬರದೇನಿ? ಅಸಲು ತಾ ಅಂತ ಬರದೇನಿ."

"ನಕಲು ಹೆಂಗ ತಗೀಲಿರಿ?"

"ಅಂತಾದ್ದ ಇನ್ನೆರಡರ ಮ್ಯಾಲ ಬರಿ. ಗೆಜೆಟೆಡ್ ಸಾಹೇಬರ ಕಡೆ ಶಿಕ್ಕಾ ಹಾಕಿಸ್ಕೊಂಡ್ ಬಾ."

ಹುಡುಗ ಸಾಧು. ಅವನ ತಯಾರಿಗೆ ನಾನೂ ಕೈಜೋಡಿಸಿದೆ. ಕೇಳಬಹುದಾದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ನೋಡಿದೆ. "ಡಿಸೈನ್ ಅಂದ್ರ ಏನು?" ಎಂದದ್ದಕ್ಕೆ, "ಒಬ್ಬರ ಕುರಿ ಇನ್ನೊಬ್ಬರ ಪಾಲಾಗದಂಗ ನೋಡ್ಕೊಳ್ಳೂದ್ರಿ" ಎಂದ. ಇಂಥ ಉತ್ತರ ಸರಕಾರಿ ಸಂದರ್ಶನದಲ್ಲಿ ನಡೆಯುವುದಿಲ್ಲ ಎಂದು ತಿದ್ದಿದೆ. ಮದುವೆಯಲ್ಲಿ ಮಾವ ಕೊಟ್ಟ ಅಳಿಯತನದ ಪ್ಯಾಂಟೊಂದು ಅವನ ಹತ್ತಿರವಿತ್ತು. ಅದನ್ನು ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂಡ್ರುವುದನ್ನು ಅವನ ಹೆಂಡತಿ ಸತ್ತೆವ್ವ ಎಂಟು ದಿನ ರೂಢಿ ಮಾಡಿಸಿದಳಂತೆ. ಮನೆಯಲ್ಲಿ ಕುರ್ಚಿ ಇರಲಿಲ್ಲವಾದ್ದರಿಂದ ಒರಳಿನ ಮೇಲೆ ಕೂಡ್ರಿಸಿದ್ದಳು.

ಗೆಜೆಟೆಡ್ ಅಧಿಕಾರಿಗಳಾಗಿ ಪಶುವೈದ್ಯರು ಸಿಕ್ಕರು. ಅವರು ಕಟ್ಟುನಿಟ್ಟಿನ ಮನುಷ್ಯ. ಪ್ರತಿಯೊಂದು ನಕಲನ್ನೂ ಅಸಲಿನ ಪಕ್ಕದಲ್ಲಿ ನಿಲ್ಲಿಸಿ, ಗೆರೆ ಎಣಿಸಿ, "ಅಸಲಿನೊಂದಿಗೆ ತಾಳೆ ನೋಡಲಾಗಿದೆ" ಎಂದು ಬೆನ್ನಿನ ಮೇಲೆ ಶಿಕ್ಕಾ ಹೊಡೆದರು. ಒಂದು ನಕಲು ಶಿಕ್ಕಾ ಹೊಡೆಯುವಾಗ ಅಲುಗಾಡಿತು. ಅದನ್ನು ತಿರಸ್ಕರಿಸಿ, ಬೇರೆ ನಕಲು ತರಲು ಹೇಳಿದರು. ಮಲಕಾರಿಯ ಹತ್ತಿರ ಇದ್ದದ್ದು ಹದಿನೆಂಟು ಕುರಿ, ಆದ್ದರಿಂದ ಅಡಚಣೆಯಾಗಲಿಲ್ಲ.

ಸಂದರ್ಶನದ ದಿನ ಅವನು ಎರಡು ದಿನದ ಹಾದಿ ನಡೆದು, ಐದು ಅಸಲು ಹತ್ತು ನಕಲು ಹೊಡೆದುಕೊಂಡು ಬಂದು ಕಚೇರಿಯ ಕಟ್ಟೆಯ ಮುಂದೆ ನಿಂತ. ಕಚೇರಿಗೆ ಬಂದ ಕಾಗದಕ್ಕೆ ಹಾಕುವಂತೆ ನಾನು ಒಂದೊಂದರ ಕಿವಿಗೂ ಆವಕ ನಂಬರಿನ ಚೀಟಿ ಕಟ್ಟಿಸಿದೆ. ರಾಜಾರಾಮ ಜೀಪಿನಲ್ಲಿ ಬಂದ. ಕಂಬಳಿ ಕರಿಯಾಗಿರುವುದರಿಂದ ಐದು ಹಾಳೆಗೆ ಪೂರ್ತಿ ಕರಿ ಮಸಿ ಬಳಿದುಕೊಂಡು ಬಂದಿದ್ದ. ಅವನ ಮೂರನೆಯ ಡಿಸೈನನ್ನು ಮಲಕಾರಿಯ ಎರಡನೆಯ ಅಸಲು ತಿಂದುಬಿಟ್ಟಿತು. ಚಹಾ ಬರುವುದರೊಳಗೆ ರಾಜಾರಾಮ ಇನ್ನೊಂದು ತಯಾರಿಸಿದ. ಚುರುಕುತನಕ್ಕೆಂದು ಅವನಿಗೆ ಹತ್ತು ಅಂಕ ಹೆಚ್ಚು ಬಂದವು.

ಭಾವುಸಾಹೇಬರು ಮಲಕಾರಿಯನ್ನು ಕೇಳಿದರು: "ನಮ್ಮ ಕಂಬಳಿಗೆ ನೀ ಏನ್ ಡಿಸೈನ್ ಮಾಡಾಂವಾ?"

"ಏನೂ ಮಾಡೂದಿಲ್ರಿ, ಸಾಹೇಬ್ರ. ಅದು ಹೆಂಗೈತಿ ಹಂಗ ಚಲೋ ಐತ್ರಿ."

ಕೆಲಸಕ್ಕೆ ಬಂದವನು ಕೆಲಸವೇ ಬೇಡವೆನ್ನುತ್ತಾನೆಂದು ಸಮಿತಿ ಟಿಪ್ಪಣಿ ಬರೆಯಿತು. ರಾಜಾರಾಮ ತನ್ನ ಕರಿ ಹಾಳೆಗಳನ್ನು ತೋರಿಸಿದ. ಐದರಲ್ಲೂ ಕೆಲಸ ಒಂದೇ ಸಮನಾಗಿದೆ ಎಂದು ಸಮಿತಿ ಮೆಚ್ಚಿಕೊಂಡು ಅವನನ್ನು ಆಯ್ಕೆ ಮಾಡಿತು.

ಮಲಕಾರಿ ಕಟ್ಟೆಯ ಮುಂದಿನ ಕುರಿಗಳನ್ನು ಒಮ್ಮೆ ಎಣಿಸಿದ. ಆಮೇಲೆ, "ಆತ್ರಿ. ನಾ ಕುರಿ ಹೊಡ್ಕೊಂಡ್ ಹೋಗಲೇನ್ರಿ?" ಎಂದ.

ಏಳನೆಯ ಕಲಮಿನ ಕೊನೆಯ ವಾಕ್ಯವನ್ನು ನಾನು ಓದಿ ಹೇಳಿದೆ. ಆವಕ ನಂಬರು ಬಿದ್ದದ್ದನ್ನು ಹೊರಗೆ ಬಿಡಲು ನಾನು ಯಾರು?

ಕಚೇರಿಯ ಕಪಾಟಿನಲ್ಲಿ ಜಾಗವಿರಲಿಲ್ಲ. ದಾಖಲೆಗಳ ಸುರಕ್ಷತೆಗಾಗಿ ಭಾವುಸಾಹೇಬರು ತಮ್ಮ ದ್ರಾಕ್ಷಿ ಪಡದ ಪಕ್ಕದ ಜಾಗವನ್ನು ಸಂಘಕ್ಕೆ ಬಿಟ್ಟುಕೊಟ್ಟರು, ಬಾಡಿಗೆಯನ್ನೂ ಕೇಳಲಿಲ್ಲ. ದಾಖಲೆಗಳಿಂದ ದಿನಾಲು ಬೀಳುವ ಗೊಬ್ಬರವನ್ನು ಮಾತ್ರ ಪಡಕ್ಕೆ ಹಾಕಿಸಿಕೊಂಡರು. ಆ ವರ್ಷ ದ್ರಾಕ್ಷಿ ಗೊಂಚಲು ಗೊಂಚಲಾಗಿ ಬಂತು.

ಹದಿನೈದೇ ದಿನದಲ್ಲಿ ದಾಖಲೆಗಳು ಸೊರಗತೊಡಗಿದವು. ಅವುಗಳನ್ನು ಮೇಯಿಸಬೇಕೆಂಬ ನಿಯಮ ಎಲ್ಲಿಯೂ ಇರಲಿಲ್ಲ, ಸಾಯಲು ಬಿಡಬಾರದೆಂಬ ನಿಯಮವಿತ್ತು. ಆದ್ದರಿಂದ ದಾಖಲೆಪಾಲಕ ಎಂಬ ಹೊಸ ಹುದ್ದೆ ಹುಟ್ಟಿತು. ಅನುಭವವಿದ್ದವನು ಒಬ್ಬನೇ. ಮಲಕಾರಿ ಆಜ್ಞಾಪತ್ರವನ್ನು ಎರಡೂ ಕೈಯಿಂದ ತೆಗೆದುಕೊಂಡು ಹಣೆಗೊತ್ತಿಕೊಂಡ. ಮನೆಯಲ್ಲಿ ಉಳಿದಿದ್ದ ಮೂರು ಕುರಿಗಳನ್ನು, ಸ್ವಂತದ್ದು ದಾಖಲೆಯಲ್ಲಿ ಬೆರೆಯಬಾರದೆಂಬ ಕಾರಣಕ್ಕೆ, ಹೆಂಡತಿಯ ತವರಿಗೆ ಕೊಟ್ಟುಬಿಟ್ಟ. ಮೇ ತಿಂಗಳೊಳಗೆ ಆರು ಮರಿ ಹುಟ್ಟಿದವು. ಅವನ್ನು "ದೃಢೀಕರಣವಾಗದ ಹೆಚ್ಚುವರಿ ನಕಲು" ಎಂದು ನಾನು ರಜಿಸ್ಟರಿಗೆ ಏರಿಸಿದೆ.

ಆ ಹೊತ್ತಿಗೆ ಹಾರೂಗೇರಿಯಲ್ಲಿ ಹುಲ್ಲು ಮುಗಿದಿತ್ತು. ದಾಖಲಾತಿ ಶಾಖೆಯನ್ನು ಮೇವಿದ್ದಲ್ಲಿಗೆ ಸ್ಥಳಾಂತರಿಸಬೇಕೆಂದು ಠರಾವಾಯಿತು: ಮೊದಲು ಜುಗೂಳದ ಹೊಳೆದಂಡೆ, ಆಮೇಲೆ ಐಗಳಿಯ ಬೀಳು, ಆಮೇಲೆ ಎಲ್ಲಿ ಹಸಿರೋ ಅಲ್ಲಿ. ವರ್ಷದಲ್ಲಿ ಎಂಟು ತಿಂಗಳು.

ಸಂಚಾರದ ಆಜ್ಞೆ ಒಯ್ಯಲು ಗಂಡನ ಬದಲು ಸತ್ತೆವ್ವ ಬಂದಳು. ಕಂಕುಳಲ್ಲಿ ಗಂಟು, ಪಕ್ಕದಲ್ಲಿ ಭೀಮಾಬಾಯಿ.

"ಅಣ್ಣಾರ, ಮೊದಲೂ ಕುರಿ ಹಿಂದನ ತಿರಗತಿದ್ದಿವ್ರಿ. ಆಗ ಕುರಿ ನಮ್ಮು ಇದ್ದೂ. ಈಗೂ ತಿರಗೂದ ಐತಿ. ಹಂಗಾದ್ರ ನೌಕರಿ ಯಾರಿಗೆ ಸಿಕ್ತ್ರಿ?"

ಕಡತ ನೋಡಿಯೇ ಉತ್ತರ ಕೊಟ್ಟೆ. "ಕಾಯಂ ಆದದ್ದು ದಾಖಲೆಗಳವ್ವಾ. ನಿನ್ನ ಗಂಡ ಹಂಗಾಮಿ."

"ಮಗಳ ಸಾಲಿ?"

ಅದಕ್ಕೂ ದಾರಿ ಇತ್ತು. ಹುಡುಗಿಯ ತಂದೆ ಕಚೇರಿಯ ಕೆಲಸದ ಮೇಲೆ ಸಂಚಾರದಲ್ಲಿದ್ದಾನೆ ಎಂಬ ಸರ್ಟಿಫಿಕೇಟನ್ನು ನಾನೇ ಬರೆದುಕೊಟ್ಟೆ. ಐಗಳಿಯ ಹೆಡ್‌ಮಾಸ್ತರರು ಅದನ್ನು ಎರಡು ಸಲ ಓದಿ, ಭೀಮಾಬಾಯಿಯ ಹೆಸರು ಹಚ್ಚಿಕೊಂಡರು. ಅವಳ ಹಾಜರಿಯ ಮುಂದೆ ವರ್ಷವಿಡೀ "ಸಂಚಾರ" ಎಂದು ಬರೆದರು. ಇದರಲ್ಲಿ ಯಾರಿಗೂ ಯಾವ ತಕರಾರೂ ಇರಲಿಲ್ಲ.

ಮಾರ್ಚ್‌ನಲ್ಲಿ ಪರೀಕ್ಷೆಗೆ ಕರೆದು, ಎಲ್ಲಿಯತನಕ ಎಣಿಸಲು ಬರುತ್ತದೆ ಎಂದು ಮಾಸ್ತರರು ಕೇಳಿದರಂತೆ. ದಿನಾ ಸಂಜೆ ಅಪ್ಪನ ಜೊತೆ ದಾಖಲೆ ಎಣಿಸುತ್ತಿದ್ದ ಹುಡುಗಿ ತಡವರಿಸದೆ ಇಪ್ಪತ್ತೊಂದರವರೆಗೆ ಎಣಿಸಿ ನಿಂತಳು. ಮುಂದೆ ಏನು ಎಂದರೆ, "ಮುಂದಿನವು ನಮ್ಮ ಕಚೇರಿಯವು ಅಲ್ರಿ" ಎಂದಳಂತೆ. ಅವಳನ್ನು ಎರಡನೆಯ ಇಯತ್ತೆಗೆ ಪಾಸು ಮಾಡಿದ್ದಾರೆ.