ಬಿಲ್ಲುಗಾರನ ಬಲಭುಜ

ನಮ್ಮ ಚಿಕ್ಕಪ್ಪನಿಗೆ ಮನುಷ್ಯರನ್ನು ಕಂಡರೆ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮನುಷ್ಯರೆಂದರೆ ಅವರಿಗೆ ಪ್ರಾಣ. ಆದರೆ ಹನ್ನೆರಡು ಇಂಚಿನೊಳಗೆ ಇರಬೇಕು, ಅಷ್ಟೇ! ಅದಕ್ಕಿಂತ ಎತ್ತರದವರನ್ನು ಮಾಡುವಾಗ ದೇವರು ಅಳತೆ ತಪ್ಪಿದ್ದಾನೆ ಎಂಬುದು ಅವರ ದೃಢವಾದ ನಂಬಿಕೆ.

ಸಾಗರದಲ್ಲಿ ಅವರದು ಹಲ್ಲುಸೆಟ್ಟು ಮಾಡುವ ಉದ್ಯೋಗ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ಇವರು ಅದಕ್ಕೆ ಹೊಂದುವಂತೆ ಹಲ್ಲು ಕೂರಿಸಿ ವಾಪಸು ಕಳಿಸುತ್ತಾರೆ. ಹೊಸನಗರದಿಂದ ತೀರ್ಥಹಳ್ಳಿಯವರೆಗೆ ಎಷ್ಟೋ ಹಿರಿಯರು ನಗುತ್ತಿರುವುದು ಚಿಕ್ಕಪ್ಪನ ಹಲ್ಲಿನಲ್ಲೇ. ಆದರೆ ಅನ್ನ ಕೊಡುವ ಹಲ್ಲಿನ ವಿಷಯ ಕೇಳಿ, ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತ ಗೊಂಬೆಗಳ ವಿಷಯ ಕೇಳಿದಿರೋ, ನಿಮ್ಮ ಬಸ್ಸು ತಪ್ಪಿತೆಂದೇ ತಿಳಿಯಿರಿ.

ಗೊಂಬೆ ಎಂದೆನಲ್ಲವೇ? ತಪ್ಪಾಯಿತು. ಅವರೆದುರು ಹಾಗೆನ್ನುವಂತಿಲ್ಲ. "ಗೊಂಬೆ ಅಂದ್ರೆ ಮಕ್ಕಳು ಆಡೋದು ಮಾರಾಯ್ತಿ. ಇದು ಆಕ್ಷನ್ ಫಿಗರ್. ಆಡೋದಿರ್ಲಿ, ಮುಟ್ಟೋ ಹಂಗೂ ಇಲ್ಲ!" ಜಪಾನಿನಿಂದಲೋ ಹಾಂಗ್‌ಕಾಂಗಿನಿಂದಲೋ ದಯಮಾಡಿಸುವ ಈ ಮಹಾಶಯರಿಗೆ ಅಳತೆಗೆ ಹೊಲಿದ ಅಂಗಿ, ಬಕಲ್ ಇರುವ ಬೂಟು, ಸಂದರ್ಭಕ್ಕೆ ತಕ್ಕಂತೆ ಬದಲಾಯಿಸಲು ಮೂರ್ನಾಲ್ಕು ಜೊತೆ ಅಂಗೈ. ಮೈತುಂಬ ಕೀಲು. ಬೆಲೆ ಮಾತ್ರ ಕೇಳಬೇಡಿ. ಚಿಕ್ಕಮ್ಮ ಇವತ್ತಿನವರೆಗೂ ಕೇಳಿಲ್ಲ, ಹಾಗಾಗಿಯೇ ಆ ಮನೆಯಲ್ಲಿ ನೆಮ್ಮದಿಯಿದೆ.

ಈ ಲೋಕದಲ್ಲಿ ಮೈಯನ್ನು ಅಳೆಯುವುದು ತಲೆಯಿಂದ. ಗಲ್ಲದಿಂದ ನೆತ್ತಿಯವರೆಗಿನ ಉದ್ದ ಎಷ್ಟೋ ಅದು ಒಂದು ತಲೆ. ಇಡೀ ಎತ್ತರದಲ್ಲಿ ಅಂಥವು ಎಷ್ಟು ಹಿಡಿಸುತ್ತವೆ ಎಂದು ನೋಡಬೇಕು. ಸಾಧಾರಣ ಮನುಷ್ಯನಾದರೆ ಏಳೂವರೆ, ವೀರನಾದರೆ ಎಂಟು. ಶಾಸ್ತ್ರವೇನೋ ಒಳ್ಳೆಯದೇ. ಆದರೆ ಅದನ್ನು ನನ್ನ ತಂಗಿಯನ್ನು ನೋಡಲು ಬಂದ ಗಂಡಿನ ಮೇಲೆ ಪ್ರಯೋಗಿಸಬೇಕೇ?

ಹೊಸನಗರದಿಂದ ಬಂದ ಗಂಡಿನ ಕಡೆಯವರು ಉಪ್ಪಿಟ್ಟು ತಿನ್ನುತ್ತಿದ್ದರು. ಚಿಕ್ಕಪ್ಪ, "ಸ್ವಲ್ಪ ಎದ್ದು ನಿಲ್ತೀಯಾ ತಮ್ಮಾ?" ಎಂದರು. ಹುಡುಗ ಪಾಪ, ಎದ್ದು ನಿಂತ. ಇವರು ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಂದೆ ಚಾಚಿ, ಕೆಳಗಿನಿಂದ ಮೇಲಕ್ಕೆ ಎಣಿಸತೊಡಗಿದರು. ಹುಡುಗನ ತಾಯಿಗೆ ಗಾಬರಿ. "ಎಂತ ನೋಡ್ತಿದೀರಿ?"

"ನಿಮ್ಮ ಮಗಂಗೆ ಆರೂವರೆ ತಲೆ ಅಷ್ಟೇ ಅಮ್ಮಾ. ಇನ್ನೊಂದಿದ್ದಿದ್ರೆ ಚೆನ್ನಾಗಿತ್ತು."

ರಾವಣನಿಗೆ ಹೆಣ್ಣು ಕೊಡುವ ಮನೆಗೆ ಬಂದೆವೋ ಏನೋ ಎಂಬಂತೆ ಆ ತಾಯಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ನಮ್ಮ ಅದೃಷ್ಟ, ಹುಡುಗ ಗೊಳ್ಳೆಂದು ನಕ್ಕುಬಿಟ್ಟ. ಆ ನಗುವನ್ನು ನೋಡಿಯೇ ತಂಗಿ ಒಪ್ಪಿದ್ದು. ಸಂಬಂಧ ಕುದುರಿಸಿದ್ದು ತಾನೇ ಎಂದು ಚಿಕ್ಕಪ್ಪ ಈಗಲೂ ಹೇಳಿಕೊಂಡು ತಿರುಗುತ್ತಾರೆ.

ಹಲ್ಲುಸೆಟ್ಟುಗಳು ನಮ್ಮ ಕಡೆ ಊರಿಂದೂರಿಗೆ ಹೋಗುವುದು ಖಾಸಗಿ ಬಸ್ಸಿನ ಕಂಡಕ್ಟರರ ಕೈಯಲ್ಲಿ. ಸಣ್ಣ ಪ್ಲಾಸ್ಟಿಕ್ ಡಬ್ಬಿ, ಮೇಲೆ ಡಾಕ್ಟರ ಹೆಸರು. ಒಂದು ದಿನ ತೀರ್ಥಹಳ್ಳಿಯ ಡಾಕ್ಟರಿಂದ ಫೋನು ಬಂತು. ಮೊಮ್ಮಗಳ ಮದುವೆಗೆ ಹೊರಟ ಅಜ್ಜಿಯೊಬ್ಬರು ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾರೆ, ಡಬ್ಬಿ ಬಿಚ್ಚಿದರೆ ಒಳಗೆ ಆರು ಪುಟ್ಟ ಅಂಗೈಗಳು! ಒಂದು ಮುಷ್ಟಿ ಕಟ್ಟಿದೆ, ಇನ್ನೊಂದು ಬೆರಳು ತೋರಿಸುತ್ತಿದೆ.

"ಇದನ್ನ ಅಜ್ಜಿ ಬಾಯಲ್ಲಿ ಎಲ್ಲಿ ಕೂರಿಸ್ಲಿ ಮಾರಾಯ್ರೆ?" ಎಂದರು ಡಾಕ್ಟರು.

ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಿಂದ ಭೂಮಿಗಿಳಿಯುತ್ತಿದ್ದರು. ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟ್ರೇ, ಹೆಬ್ಬೆರಳು ಯಾವ್ದೂ ಮುರಿದಿಲ್ಲ ಅಲ್ವಾ?" ಆಮೇಲೆ ತಾವೇ ಮುಂದಿನ ಬಸ್ಸು ಹತ್ತಿ, ರಿಪ್ಪನ್‌ಪೇಟೆಯಲ್ಲಿ ಇಳಿದು ಇನ್ನೊಂದು ಹತ್ತಿ, ಅಜ್ಜಿಗೆ ಹಲ್ಲು ಕೊಟ್ಟು ಅಂಗೈಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಅಜ್ಜಿ ಮದುವೆಯಲ್ಲಿ ಹೋಳಿಗೆ ತಿಂದರಂತೆ.

ಕೊಂಡು ಕೊಂಡು ತೃಪ್ತಿಯಾಗದೆ ಚಿಕ್ಕಪ್ಪ ಕೊನೆಗೆ ತಾವೇ ಒಂದನ್ನು ಮಾಡಲು ಕೂತರು. ಹಲ್ಲುಸೆಟ್ಟಿನ ಒಸಡಿಗೆ ಬಳಸುವ ಅಕ್ರಿಲಿಕ್ಕಿನಲ್ಲಿ ಒಬ್ಬ ಬಿಲ್ಲುಗಾರ. ಮೂರು ವರ್ಷ ಹಿಡಿಯಿತು. ಏಕೆಂದರೆ ಈ ಕಸುಬಿನಲ್ಲಿ ಒಂದು ಧರ್ಮಸಂಕಟವಿದೆ. ಕೀಲು ಹೆಚ್ಚಿಸಿದರೆ ಅಂದ ಕೆಡುತ್ತದೆ, ಅಂದ ಉಳಿಸಿಕೊಂಡರೆ ಕೀಲು ತಿರುಗುವುದಿಲ್ಲ. ಭುಜ ಪೂರ್ತಿ ಮೇಲೇಳಬೇಕಾದರೆ ಕಂಕುಳ ಹತ್ತಿರ ಸೀಳು ಬಿಡಬೇಕು. ಸೀಳು ಬಿಟ್ಟರೆ ಎದೆಯಿಂದ ತೋಳಿಗೆ ಇಳಿಯುವ ಚಂದದ ಗೆರೆ ಅಲ್ಲೇ ತುಂಡಾಗುತ್ತದೆ. ಸೊಂಟ, ಮಂಡಿ, ಮೊಣಕೈ ಎಲ್ಲದರಲ್ಲೂ ರಾಜಿಯಾದ ಚಿಕ್ಕಪ್ಪ ಭುಜದಲ್ಲಿ ಮಾತ್ರ ಹಟ ಹಿಡಿದರು. ಸೀಳು ಕೂಡದು! ಪರಿಣಾಮ ಏನಾಯಿತು? ಬಿಲ್ಲುಗಾರನ ಭುಜ ಬೆಣ್ಣೆಯಷ್ಟು ನುಣುಪು, ಆದರೆ ಕೈ ಸೊಂಟ ಬಿಟ್ಟು ಮೇಲೆ ಬರುವುದಿಲ್ಲ. ಬಾಣ ಬಿಡಲಾರದ ಬಿಲ್ಲುಗಾರ!

ಚಿಕ್ಕಮ್ಮ ಸುಮ್ಮನಿರುತ್ತಾರೆಯೇ? "ಶತ್ರುನೇ ಬಂದು ಇವನ ಕಾಲ್ಬುಡದಲ್ಲಿ ಮಲಗ್ಬೇಕು. ಆಗ ಹೊಡೀತಾನೆ."

"ಗೆರೆ ನೋಡೆ, ಗೆರೆ! ಎಲ್ಲಾದ್ರೂ ಜೋಡಿಸಿದ್ದು ಗೊತ್ತಾಗ್ತದಾ?"

"ಭುಜ ಇರೋದು ಕೈ ಎತ್ತೋಕೆ. ಗೆರೆ ನೋಡೋಕಲ್ಲ."

ಚಿಕ್ಕಪ್ಪ ಸೋಲಲಿಲ್ಲ. ಅದರ ಫೋಟೋ ನೋಡಿ ದೇಶವಿದೇಶದ ಸಂಗ್ರಹಕಾರರು ವಾಟ್ಸಾಪಿನಲ್ಲಿ ಹೊಗಳಿ ಬರೆದದ್ದನ್ನು ನನಗೆ ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದ್ದು ಎಷ್ಟು ಸಲವೋ! ನನಗೀಗ ಬಾಯಿಪಾಠ.

ಹೀಗಿರುವಾಗ ಹೋದ ವರ್ಷ ಚಿಕ್ಕಮ್ಮನ ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟಕ್ಕೂ ಏಳದು. ದಿನಾ ಗೋಡೆಯ ಮೇಲೆ ಬೆರಳು ಹತ್ತಿಸಿ ಕೈ ಮೇಲೆತ್ತಬೇಕು, ಈಗ ಬಿಟ್ಟರೆ ಆಮೇಲೆ ಕಷ್ಟ ಎಂದರು ಡಾಕ್ಟರು. ಚಿಕ್ಕಮ್ಮ ಎರಡು ದಿನ ಮಾಡಿ, ನೋವು ತಡೆಯದೆ ಕೈಬಿಟ್ಟರು. "ಸಾಕು ಮಾರಾಯ್ರೆ, ಇಷ್ಟು ವರ್ಷ ಎತ್ತಿದ್ದು ಸಾಕು" ಎಂದು ಕುರ್ಚಿಯಲ್ಲಿ ಕೂತವರು ಕೂತೇ ಇರತೊಡಗಿದರು. ಮಾತೂ ಕಡಿಮೆಯಾಯಿತು. ಬಿಲ್ಲುಗಾರನನ್ನು ಬೈಯುವುದನ್ನೂ ಬಿಟ್ಟರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಒಂದು ಬೆಳಿಗ್ಗೆ ಚಿಕ್ಕಪ್ಪನ ಫೋನು. "ಕೊಯ್ದೆ ಕಣೆ."

"ಅಯ್ಯೋ, ಯಾರನ್ನ ಚಿಕ್ಕಪ್ಪಾ?"

"ಬಿಲ್ಲುಗಾರನ್ನ."

ಆ ನುಣುಪು ಬಲಭುಜವನ್ನು ಗರಗಸದಲ್ಲಿ ಕೊಯ್ದು, ಒಳಗೆ ಹಲ್ಲುಚಕ್ರ ಕೂರಿಸಿದ್ದರು. ಕೈ ಎತ್ತಿದಂತೆಲ್ಲ ಟಕ್, ಟಕ್ ಎಂದು ಒಂದೊಂದೇ ಮೆಟ್ಟಿಲು ಮೇಲೇರುತ್ತದೆ. ಒಟ್ಟು ಎಂಟು ಟಕ್. ಮಾರನೆಯ ದಿನ ಕಾಫಿಯಾದ ಮೇಲೆ ಬಿಲ್ಲುಗಾರನನ್ನು ಚಿಕ್ಕಮ್ಮನ ಎದುರು ಮೇಜಿನ ಮೇಲೆ ನಿಲ್ಲಿಸಿದರು. ಟಕ್. "ಇವನು ಎತ್ತಿದ. ಈಗ ನೀನು."

"ನಂಗೂ ಈ ಪ್ಲಾಸ್ಟಿಕ್ಕಿಗೂ ಪಂದ್ಯವಾ?"

"ಪ್ಲಾಸ್ಟಿಕ್ ಅಲ್ಲ, ಅಕ್ರಿಲಿಕ್."

ಚಿಕ್ಕಮ್ಮ ಬೈದರು, ಬೈಯುತ್ತಲೇ ಎತ್ತಿದರು. ಒಂದು ವಾರಕ್ಕೆ ಎರಡು ಟಕ್. ತಿಂಗಳಿಗೆ ನಾಲ್ಕು. ಕಷ್ಟಪಟ್ಟು ಐದು. ಅಲ್ಲಿ ನಿಂತುಬಿಟ್ಟಿತು. ಎಷ್ಟು ಬೈದರೂ ಆರಕ್ಕೆ ಏಳಲಿಲ್ಲ.

ಮೊನ್ನೆ ಹೋದಾಗ ಬಿಲ್ಲುಗಾರನ ಕೈ ಐದರಲ್ಲೇ ನಿಂತಿತ್ತು. ನಾನು ಮೆಲ್ಲಗೆ ಬೆರಳಿನಿಂದ ಮೇಲೆತ್ತಿ ನೋಡಿದೆ. ಏಳಲಿಲ್ಲ. "ಕೆಟ್ಟುಹೋಯ್ತಾ ಚಿಕ್ಕಪ್ಪಾ?" ಎಂದೆ. ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

"ಕೆಟ್ಟಿಲ್ಲ. ಐದರಿಂದ ಮೇಲೆ ಏರದ ಹಂಗೆ ನಾನೇ ಒಳಗಡೆ ಅಕ್ರಿಲಿಕ್ ತುಂಬಿಸಿ ಮುಚ್ಚಿದೀನಿ. ಇವನು ಎಂಟಕ್ಕೆ ಏರೋದು, ಅವಳು ಐದಕ್ಕೆ ನಿಲ್ಲೋದು, ದಿನಾ ಬೆಳಿಗ್ಗೆ ಸೋತಂಗಾಗ್ತದೆ ಅವಳಿಗೆ. ಅವಳಿಗೆ ಆರು ಬಂದ ದಿನ ಇನ್ನೊಂದ್ಸಲ ಭುಜ ಕೊಯ್ದು ಅದನ್ನ ತೆಗೀತೀನಿ."

ನಾನು ಎದ್ದು ಅಡುಗೆಮನೆಗೆ ಹೋದೆ. ಚಹಾಕ್ಕೆ ನೀರಿಟ್ಟಿದ್ದ ಚಿಕ್ಕಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಹಲ್ಲು ಕಚ್ಚಿ, ಬಲಗೈಯನ್ನು ನಿಧಾನವಾಗಿ ತಲೆಗಿಂತ ಮೇಲೆತ್ತಿ, ಮೇಲಿನ ಹಲಗೆಯಲ್ಲಿದ್ದ ಸಕ್ಕರೆ ಡಬ್ಬಿಯನ್ನು ಇಳಿಸಿದರು.

ನಾನು ಬಾಯಿ ಬಿಡುವುದರೊಳಗೆ ಸನ್ನೆ ಮಾಡಿ ತಡೆದರು.

"ಹದಿನೈದು ದಿನ ಆಯ್ತು. ಅವರ ಮುಂದೆ ಎತ್ತಲ್ಲ, ನೀನೂ ಹೇಳ್ಬೇಡ. ಅವರು ಒಳಗೆ ತುಂಬಿಸಿದ್ದು ನಂಗೊತ್ತು, ಎತ್ತಿದ್ರೆ ಆ ಭುಜಾನ ಮತ್ತೆ ಕೊಯ್ತಾರೆ" ಎಂದರು ಚಿಕ್ಕಮ್ಮ. "ಹೋದ್ಸಲ ಕೊಯ್ದ ದಿನ ಅವರು ಊಟನೇ ಮಾಡ್ಲಿಲ್ಲ ಕಣೆ."