ಮುತ್ಯಾನ ಬಟ್ಟು, ಬೀರಮ್ಮನ ಕೊಸರು

ಬೇಳೆ ತೂಗಿದ ಮೇಲೆ ಬೀರಮ್ಮ ಪ್ರತಿ ಸಲವೂ ಮೇಲೊಂದು ಹಿಡಿ ಕೊಸರು ಹಾಕುತ್ತಿದ್ದಳೇ? ಹಾಕುತ್ತಿದ್ದಳೆಂದು ಸೋಮವಾರ ಅನಿಸಿದರೆ, ಇಲ್ಲವೆಂದು ಮಂಗಳವಾರ ಅನಿಸುತ್ತದೆ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ನಾನು ಕಲಿತದ್ದು ಒಂದೇ: ಕಣ್ಣೆದುರು ನಡೆದದ್ದನ್ನೂ ನಂಬದಿರುವುದು!

ಉಮರ್ಗಾದಲ್ಲಿ ನಾನೊಬ್ಬನೇ ಇರುತ್ತೇನೆ. ಹೆಂಡತಿ ಸುಮಿತ್ರಾ ಉದಗೀರದ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ತಿಂಗಳಿಗೆರಡು ಸಲ ಬರುತ್ತಾಳೆ. ಉಳಿದ ದಿನಗಳಲ್ಲಿ ನನ್ನನ್ನು ಮಾತಾಡಿಸುತ್ತಿದ್ದವಳು ಎದುರುಮನೆಯ ಬೀರಮ್ಮ ಒಬ್ಬಳೇ. ಮನೆಯವರು ಕುರಿ ಹೊಡೆದುಕೊಂಡು ಹೋದ ಮೇಲೆ ಆಕೆ ಕಟ್ಟೆಯ ಮೇಲೆ ಕುಳಿತು ತೊಗರಿಬೇಳೆ ಮಾರುತ್ತಾಳೆ. ತೂಗುತ್ತ, "ಮಾಸ್ತರ, ಉಂಡ್ರಿ?" ಎನ್ನುತ್ತಿದ್ದಳು. ಉಂಡಿರದಿದ್ದರೂ "ಹೂಂ" ಎನ್ನುತ್ತಿದ್ದೆ. ಆ ದಿನದ ನನ್ನ ಮಾತುಕತೆ ಅಲ್ಲಿಗೆ ಮುಗಿಯುತ್ತಿತ್ತು.

ಒಂದು ಮಧ್ಯಾಹ್ನ, ಮಾಡಲು ಬೇರೇನೂ ತೋಚದೆ, ಅಟ್ಟದಿಂದ ನಮ್ಮ ಮುತ್ಯಾನ ತಕ್ಕಡಿ ಇಳಿಸಿದೆ. ಮುತ್ಯಾ, ಅಂದರೆ ನಮ್ಮಜ್ಜ, ಹಳ್ಳಿಹಳ್ಳಿ ತಿರುಗಿ ಕಾಳು ಖರೀದಿಸುತ್ತಿದ್ದವನು. ಆತನ ಒಂದು ಕಿಲೋ ತೂಕದ ಕಬ್ಬಿಣದ ಬಟ್ಟನ್ನು ಒಂದು ಕಡೆ, ಬೀರಮ್ಮ ಕೊಟ್ಟ ಬೇಳೆಯನ್ನು ಇನ್ನೊಂದು ಕಡೆ ಇಟ್ಟೆ. ಬೇಳೆಯ ತಟ್ಟೆ ಮೇಲೆಯೇ ನಿಂತಿತು. ಕೊಸರು ಸೇರಿಯೂ ಕಿಲೋ ತುಂಬಿಲ್ಲ!

ಸತ್ಯ ಸಿಕ್ಕವನಂತೆ ರಸ್ತೆ ದಾಟಿದೆ.

"ಬೀರಮ್ಮಕ್ಕ, ನಿನ್ನ ಬಟ್ಟು ಹಗುರ ಅದ."

"ನಮ್ಮ ದ್ಯಾವ್ರು ಬೀರಪ್ಪನ ಆಣಿ ಮಾಸ್ತರ, ಒಂದ್ ಕಾಳ ಕಮ್ಮಿ ಕೊಟ್ಟಿಲ್ಲ."

"ನಾ ಆಣಿ ನಂಬಾಂವ ಅಲ್ಲ. ಸರ್ಕಾರಿ ಮುದ್ರಿ ನಂಬಾಂವ!"

ಈ ಮಾತು ನನಗೇ ಎಷ್ಟು ಹಿಡಿಸಿತೆಂದರೆ, ಅದೇ ಹುಮ್ಮಸ್ಸಿನಲ್ಲಿ "ಸಾರ್ವಜನಿಕ ಹಿತದೃಷ್ಟಿಯಿಂದ" ಎಂದು ಆರಂಭಿಸಿ ತೂಕ-ಅಳತೆಯ ಸಾಹೇಬರಿಗೆ ಎರಡು ಪುಟ ಅರ್ಜಿ ಬರೆದೆ. ಬಟ್ಟುಗಳಿಗೆ ಮುದ್ರೆ ಒತ್ತಲು ಅವರು ಪೇಟೆಗೆ ಬರುವ ದಿನ ಇಬ್ಬರೂ ಹಾಜರಾಗಬೇಕೆಂದು ಉತ್ತರ ಬಂತು. ದೂರುದಾರನೂ ತನ್ನ ಬಟ್ಟು ತರತಕ್ಕದ್ದು! ಸಂತೋಷದಿಂದ ಒರೆಸಿ, ಎಣ್ಣೆ ಹಚ್ಚಿಕೊಂಡು ಒಯ್ದೆ.

ಬೀರಮ್ಮ ಸೆರಗಿನಲ್ಲಿ ಬಟ್ಟು ಕಟ್ಟಿಕೊಂಡು ಸಾಲಿನಲ್ಲಿ ನಿಂತಿದ್ದಳು. ಓಣಿಯ ಹೆಂಗಸರು ನೋಡಲು ಬಂದಿದ್ದರು. ಬಟ್ಟು ತಪ್ಪೆಂದು ಕಂಡುಬಂದರೆ ನಾಳೆಯಿಂದ ಆಕೆಯ ಕಟ್ಟೆಗೆ ಯಾರೂ ಬರುವುದಿಲ್ಲ. ಇದು ಆಕೆಗೂ ಗೊತ್ತಿತ್ತು, ನನಗೂ. ದೊಡ್ಡ ಅಂಗಡಿಯ ಸೇಠರೊಬ್ಬರು ಆಕೆಯನ್ನು ದಾಟಿ ಮುಂದೆ ಬಂದರು.

"ಸೇಠಜಿ, ಹಿಂದ ನಿಂದರ್ರಿ," ಎಂದರು ಸಾಹೇಬರು. "ಇಲ್ಲಿ ಎಲ್ಲಾರಿಗೂ ಒಂದ ತಕ್ಕಡಿ."

ಬೀರಮ್ಮನ ಬಟ್ಟು ತಟ್ಟೆಗೇರಿತು. ಮುಳ್ಳು ನಡುವೆ ನಿಂತಿತು.

"ಬರೋಬ್ಬರಿ ಅದ, ತಾಯಿ." ಠಪ್ಪನೆ ಮುದ್ರೆ!

ನಂತರ ನನ್ನದು. ತಟ್ಟೆ ಧಡ್ಡನೆ ಕೆಳಗಿಳಿಯಿತು. ಸಾಹೇಬರು ಬಟ್ಟನ್ನು ಬೋರಲು ಹಾಕಿದರು. ಬುಡದ ತುಂಬ ಸೀಸ. ಮುದ್ರೆಯ ಸುಳಿವೇ ಇಲ್ಲ.

"ಯಾರದಿದು?"

"ನಮ್ಮ ಮುತ್ಯಾಂದು."

"ಮುತ್ಯಾ ಮಾರತಿದ್ರೋ, ಕೊಳ್ಳತಿದ್ರೋ?"

"ಕೊಳ್ಳತಿದ್ರು."

"ಅದಕ್ಕ ಐವತ್ತು ಗ್ರಾಮ್ ಜಾಸ್ತಿ ಅದ!"

ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಸೇಠರೂ ನಕ್ಕರು. ಬಟ್ಟು ಜಪ್ತಾಯಿತು. ಬೀರಮ್ಮ ಮಾತ್ರ ನಗಲಿಲ್ಲ.

"ನಮ್ಮಪ್ಪ ನಿಮ್ಮ ಮುತ್ಯಾಗೇ ಕಾಳ ಮಾರ್ತಿದ್ದ, ಮಾಸ್ತರ," ಎಂದಷ್ಟೇ ಹೇಳಿ ಹೋದಳು.

ಸುಮಿತ್ರಾಗೆ ಫೋನು ಮಾಡಿ ಎಲ್ಲವನ್ನೂ ವಿವರಿಸಿದೆ.

"ಆ ಓಣ್ಯಾಗ ನಿಮ್ಮನ್ನ ಮಾತಾಡಸಾಕಿ ಆಕಿ ಒಬ್ಬಾಕಿನೇ ಇದ್ಲು. ಆಕಿ ಮ್ಯಾಲೇ ಅರ್ಜಿ ಹಾಕಿದ್ರ್ಯಾ?"

"ನಿಯಮ ಎಲ್ಲಾರಿಗೂ ಒಂದ..."

"ಸಾಕು ಬಿಡ್ರಿ. ಉಂಡ್ರಿ?"

ಈ ಸಲ ನಿಜವನ್ನೇ ಹೇಳಿದೆ. ಉಂಡಿರಲಿಲ್ಲ.

ಈಗ ಬೀರಮ್ಮ ಸಾಹೇಬರು ಕೊಟ್ಟ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾಳೆ, ಸರಿಯಾಗಿ ನನ್ನ ಕಿಟಕಿಯ ಎದುರಿಗೆ! ಮೂರು ಓಣಿಯ ಜನ ಅದನ್ನು ನೋಡಿ ನಂಬಿ ಬರುತ್ತಾರೆ. ನಾನೂ ಸಾಲಿನಲ್ಲಿ ನಿಲ್ಲುತ್ತೇನೆ. ಆಕೆ ತೂಗುತ್ತಾಳೆ, ಚೀಲಕ್ಕೆ ಸುರಿಯುತ್ತಾಳೆ, ಮುಂದಿನವರನ್ನು ಕರೆಯುತ್ತಾಳೆ. ಉಂಡಿರಾ ಎಂದು ಕೇಳುವುದಿಲ್ಲ.

ಆ ಹಳೆಯ ಕೊಸರು ನಿಜವೋ, ನನ್ನ ನೆನಪಿನ ಭ್ರಮೆಯೋ ಎಂಬ ಅನುಮಾನ ಮಾತ್ರ ಬಿಡಲಿಲ್ಲ. ಕೊನೆಗೆ ಮುದ್ರೆಯಿರುವ ಹೊಸ ಬಟ್ಟು ಕೊಂಡು ತಂದು, ಬಾಗಿಲು ಹಾಕಿಕೊಂಡು, ಆಕೆ ಈಗ ಕೊಡುವ ಬೇಳೆಯಲ್ಲಾದರೂ ಕೊಸರಿದೆಯೇ ಎಂದು ಮೂರು ಸಲ ತೂಗಿದೆ.

ಸರಿಯಾಗಿ ಒಂದು ಕಿಲೋ. ಒಂದು ಕಾಳೂ ಹೆಚ್ಚಿಲ್ಲ.